ಹುಳಿ ಬಿದ್ದ ಕಲ್ಲು, ಬೆರಳು ತಾಗಿದ ಬಾಗಿಲು

ನಿಂಬೆಹಣ್ಣಿನ ಅರ್ಧ ಹೋಳನ್ನು ಪಾಲಿಶ್ ಮಾಡಿದ ಮಾರ್ಬಲ್ ಮೇಲೆ ಬೋರಲು ಇಟ್ಟು ಮರೆತುಬಿಡಿ. ಬೆಳಿಗ್ಗೆ ಎತ್ತಿ ನೋಡಿದರೆ ಅಲ್ಲೊಂದು ಮಂಕಾದ ಉಂಗುರ ಇರುತ್ತದೆ. ಎಷ್ಟು ಒರೆಸಿದರೂ ಹೋಗುವುದಿಲ್ಲ. ಅದು ಕಲೆಯಾಗಿದ್ದರೆ ತಾನೇ ಹೋಗುವುದು! ಅಲ್ಲಿ ಕಲ್ಲೇ ಕರಗಿದೆ. ಮಾರ್ಬಲ್‌ನಲ್ಲಿ ಬಹುಪಾಲು ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದರೆ ಅದು ಕಾರ್ಬನ್ ಡೈಆಕ್ಸೈಡ್ ಬಿಟ್ಟು ಕರಗುತ್ತದೆ. ನಯವಾಗಿದ್ದ ಜಾಗ ತರಿತರಿಯಾಗುತ್ತದೆ. ಒಂದೇ ದಿಕ್ಕಿಗೆ ಹೊಳೆಯುತ್ತಿದ್ದ ಬೆಳಕು ಈಗ ಎಲ್ಲ ಕಡೆ ಚೆದುರುತ್ತದೆ. ಕಣ್ಣಿಗೆ ಅದು ಮಂಕಾಗಿ ಕಾಣುತ್ತದೆ.

ಅಡುಗೆಮನೆ ಹೊಸದಾಗಿ ಮಾಡಿಸಲು ಹೊರಟವರು ಮೊದಲು ನೋಡುವುದು ಫೋಟೋಗಳನ್ನು. ಫೋಟೋದಲ್ಲಿ ಹುಳಿಯೂ ಇಲ್ಲ, ಬಿಸಿ ಬಾಣಲೆಯೂ ಇಲ್ಲ, ಒದ್ದೆ ಬಟ್ಟೆಯೂ ಇಲ್ಲ. ಅಡುಗೆ ಕಟ್ಟೆಗೆ ಮಾರ್ಬಲ್ಲೇ ಬೇಕು ಅಂತ ಮನಸ್ಸು ಮಾಡಿದ್ದರೆ ಮೊದಲೇ ಹೊಳಪು ತೆಗೆದ, ಹೋನ್ಡ್ ಫಿನಿಶ್ ಇರುವುದನ್ನು ಕೇಳಿ. ಕಲ್ಲು ಆಗಲೂ ಕರಗುತ್ತದೆ, ಆದರೆ ಗುರುತು ಅಷ್ಟು ಎದ್ದು ಕಾಣುವುದಿಲ್ಲ.

ಗ್ರಾನೈಟ್‌ಗೆ ಹುಳಿಯ ಭಯ ಕಡಿಮೆ. ಅದರಲ್ಲಿ ಇರುವುದು ಮುಖ್ಯವಾಗಿ ಕ್ವಾರ್ಟ್ಜ್ ಮತ್ತು ಫೆಲ್ಡ್‌ಸ್ಪಾರ್ ಎಂಬ ಖನಿಜಗಳು. ಗಡಸುತನ ಹೇಳುವ ಮೋಸ್ ಅಳತೆಯಲ್ಲಿ ಮಾರ್ಬಲ್‌ನ ಖನಿಜಕ್ಕೆ 3, ಫೆಲ್ಡ್‌ಸ್ಪಾರ್‌ಗೆ 6, ಕ್ವಾರ್ಟ್ಜ್‌ಗೆ 7. ಚಾಕುವಿನ ಉಕ್ಕು ಸುಮಾರು 5.5. ಹಾಗಾಗಿ ಗ್ರಾನೈಟ್ ಮೇಲೆ ನೇರವಾಗಿ ಹೆಚ್ಚಿದರೆ ಹಾಳಾಗುವುದು ಚಾಕು, ಕಲ್ಲಲ್ಲ.

ಅಂಗಡಿಯಲ್ಲಿ ಸುಮ್ನೆ 'ಕ್ವಾರ್ಟ್ಜ್' ಅಂತ ಮಾರುವ ಸ್ಲ್ಯಾಬ್ ಗಣಿಯಿಂದ ಕೊಯ್ದು ತಂದ ಕಲ್ಲಲ್ಲ. ತೂಕದಲ್ಲಿ ನೂರಕ್ಕೆ ಸುಮಾರು 90 ಭಾಗ ಕ್ವಾರ್ಟ್ಜ್ ಪುಡಿ, ಉಳಿದದ್ದು ಅದನ್ನು ಹಿಡಿದಿಡುವ ರೆಸಿನ್ ಮತ್ತು ಬಣ್ಣ. ಗೀರಿಗೂ ಹುಳಿಗೂ ಅದು ಚೆನ್ನಾಗಿ ತಡೆಯುತ್ತದೆ. ಸೋಲುವುದು ಬಿಸಿಗೆ. ಸುಮಾರು 150 ಡಿಗ್ರಿ ಸೆಲ್ಸಿಯಸ್ ದಾಟಿದರೆ ರೆಸಿನ್ ಹಾಳಾಗಬಹುದು, ಒಲೆಯಿಂದ ಇಳಿಸಿದ ಬಾಣಲೆ ಅದಕ್ಕಿಂತ ಜಾಸ್ತಿ ಬಿಸಿ ಇರಬಹುದು. ಇನ್ನೊಂದು ಮಾತು. ಈ ಸ್ಲ್ಯಾಬ್ ಕತ್ತರಿಸುವಾಗ ಏಳುವ ಸಿಲಿಕಾ ದೂಳು ಕೆಲಸಗಾರರ ಶ್ವಾಸಕೋಶಕ್ಕೆ ಇಳಿದು ಸಿಲಿಕೋಸಿಸ್ ಎಂಬ ಕಾಯಿಲೆ ತರಬಹುದು. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಈ ಸ್ಲ್ಯಾಬನ್ನೇ ನಿಷೇಧಿಸಿತು. ಬೇರೆ ಕಡೆ ಕೊಳ್ಳುವವರು ಕನಿಷ್ಠ ನೀರು ಹಾಯಿಸಿ ಕತ್ತರಿಸುತ್ತಾರಾ ಅಂತ ಕೇಳಬೇಕು. ಚೆಂದದ ಮಾದರಿ ಆರಿಸುವುದಕ್ಕಿಂತ ಇದು ಮುಖ್ಯ ಅನ್ನುವುದು ನನ್ನ ಅಭಿಪ್ರಾಯ.

ಸ್ಟೇನ್‌ಲೆಸ್ ಸ್ಟೀಲ್ ಗೀರು ಬೀಳುತ್ತದೆ ಅಂತ ಹೆದರುತ್ತಾರೆ. ಬೀಳುತ್ತದೆ, ನಿಜ. ಆದರೆ ಅದರಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕ ಹಿಡಿದುಕೊಂಡು ಮೇಲೆ ತೆಳುವಾದ ಪೊರೆ ಕಟ್ಟುತ್ತದೆ. ಗೀರಿದ ಜಾಗದಲ್ಲಿ ಆ ಪೊರೆ ತಾನಾಗೇ ಮತ್ತೆ ಕೂಡಿಕೊಳ್ಳುತ್ತದೆ. ಅದರ ನಿಜವಾದ ಶತ್ರು ಉಪ್ಪು. ಉಪ್ಪುನೀರು ನಿಂತಲ್ಲೇ ನಿಂತರೆ ಸಣ್ಣ ಗುಳಿಗಳು ಬೀಳುತ್ತವೆ.

ಈಗ ಕ್ಯಾಬಿನೆಟ್ ಬಾಗಿಲಿಗೆ ಬನ್ನಿ. ಕಪ್ಪು ಮ್ಯಾಟ್ ಬಾಗಿಲು ಕಂಡು ಮರುಳಾಗದವರು ಕಡಿಮೆ. ಮ್ಯಾಟ್ ಅಂದರೆ ಬೇಕಂತಲೇ ತರಿ ಉಳಿಸಿದ ಮೇಲ್ಮೈ. ಅದಕ್ಕೆ ಬೆರಳಿನ ಜಿಡ್ಡು ತಾಗಿದರೆ ತರಿಯ ಸಂದುಗಳು ತುಂಬುತ್ತವೆ, ಬೆಳಕು ಚೆದುರುವುದು ನಿಲ್ಲುತ್ತದೆ, ಅಲ್ಲಿ ಮಾತ್ರ ಕಪ್ಪು ಇನ್ನೂ ಗಾಢವಾಗುತ್ತದೆ. ನಿಂಬೆಯ ಉಂಗುರದ ಕತೆಯೇ, ತಿರುಗುಮುರುಗಾಗಿ, ಅಲ್ವಾ? ಅಲ್ಲಿ ನಯವಾದದ್ದು ತರಿಯಾಯಿತು, ಇಲ್ಲಿ ತರಿಯಾದದ್ದು ನಯವಾಯಿತು. ತಿಳಿ ಬಣ್ಣದ ಮ್ಯಾಟ್‌ನಲ್ಲೂ ಇದೇ ಆಗುತ್ತದೆ, ಕಾಣುವುದು ಕಡಿಮೆ ಅಷ್ಟೆ. ಗಾಢ ಬಣ್ಣದ ಗ್ಲಾಸಿ ಬಾಗಿಲೂ ಬೆರಳಚ್ಚು ಬಚ್ಚಿಡುವುದಿಲ್ಲ.

ಬಣ್ಣವನ್ನು ಅಂಗಡಿಯ ದೀಪದಲ್ಲಿ ಒಪ್ಪಿಕೊಳ್ಳಬೇಡಿ. ಒಂದು ಬೆಳಕಿನಲ್ಲಿ ಒಂದೇ ಥರ ಕಾಣುವ ಎರಡು ಬೂದು ಬಣ್ಣಗಳು ಇನ್ನೊಂದರಲ್ಲಿ ಬೇರೆ ಬೇರೆ ಕಾಣಬಹುದು. ಇದಕ್ಕೆ ಮೆಟಾಮೆರಿಸಂ ಅನ್ನುತ್ತಾರೆ. 2700 ಕೆಲ್ವಿನ್‌ನ ಹಳದಿ ಬಲ್ಬಿನ ಕೆಳಗೂ, ಹಗಲಿನ ಕಿಟಕಿ ಬೆಳಕಿನಲ್ಲೂ ಸ್ಯಾಂಪಲ್ ತುಂಡುಗಳನ್ನು ಜೋಡಿಸಿ ನೋಡಿ. ಬಾಗಿಲಿನ ತುಂಡನ್ನು ನಿಲ್ಲಿಸಿ, ಕಟ್ಟೆಯ ತುಂಡನ್ನು ಮಲಗಿಸಿ. ಮೇಲೆ ಎಲ್‌ಇಡಿ ಪಟ್ಟಿ ಹಾಕಿಸುವುದಿದ್ದರೆ ಒಂದು ಪಟ್ಟಿಯನ್ನು ಸ್ಲ್ಯಾಬ್ ಮೇಲೆ ಹಿಡಿದು ನೋಡಿ, ಹೊಳೆಯುವ ಕಲ್ಲಿನಲ್ಲಿ ಒಂದೊಂದು ಚುಕ್ಕಿಯೂ ಪ್ರತಿಫಲಿಸುತ್ತದೆ.

ಕೊನೆಗೆ ಬಾಗಿಲಿನ ಆ ತುಂಡಿನ ಕತ್ತರಿಸಿದ ಬದಿಯನ್ನು ಒಂದು ರಾತ್ರಿ ನೀರಿನಲ್ಲಿ ನಿಲ್ಲಿಸಿ. ಒಳಗೆ ಎಂಡಿಎಫ್, ಅಂದರೆ ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ, ಇದ್ದರೆ ಬೆಳಿಗ್ಗೆ ಅದು ಉಬ್ಬಿರಬಹುದು. ಸಿಂಕ್ ಕೆಳಗಿನ ಬಾಗಿಲಿಗೆ ಯಾವುದು ಬೇಡ ಅನ್ನುವುದು ಆಗ ಯಾರನ್ನೂ ಕೇಳದೆ ಗೊತ್ತಾಗುತ್ತದೆ.