'ಪಾಪ' ಅನ್ನಿಸುವ ಪಾತ್ರ

ಕಥೆ, ಸಿನಿಮಾಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವವರು 'ಸಿಂಪತೆಟಿಕ್ ಕ್ಯಾರೆಕ್ಟರ್' ಅನ್ನುವ ಮಾತನ್ನು ಆಗಾಗ ಬಳಸುತ್ತಾರೆ. ಶಿರಸಿಯಲ್ಲಿ ಪದವಿ ಓದುತ್ತಿರುವ ನನ್ನ ಅಕ್ಕನ ಮಗಳು ಅದನ್ನು 'ಸಹಾನುಭೂತಿಯುಳ್ಳ ಪಾತ್ರ' ಎಂದು ನೋಟ್ಸಿನಲ್ಲಿ ಬರೆದುಕೊಂಡಿದ್ದಳು. ಒಂದು ಸಂಜೆ ಕೇಳಿದಳು, "ಮಾವಾ, 'ದಿ ಸಿಂಪ್ಸನ್ಸ್' ಕಾರ್ಟೂನಿನ ಹೋಮರ್‌ಗೆ ಯಾರ ಮೇಲೂ ಅಂಥಾ ಸಹಾನುಭೂತಿ ಇಲ್ವಲ್ಲ. ಮತ್ತೆ ಅವನನ್ನ ಯಾಕೆ ಸಿಂಪತೆಟಿಕ್ ಅಂತಾರೆ?"

ಪ್ರಶ್ನೆ ಸರಿಯಾಗೇ ಇತ್ತು. ತಪ್ಪಿದ್ದು ನೋಟ್ಸಿನ ಕನ್ನಡದಲ್ಲಿ. ದಿನಬಳಕೆಯ ಇಂಗ್ಲಿಷಿನಲ್ಲಿ ಸಿಂಪತೆಟಿಕ್ ಅಂದರೆ ಇನ್ನೊಬ್ಬರ ಕಷ್ಟಕ್ಕೆ ಮರುಗುವವನು. ಕಥೆಯ ವಿಷಯಕ್ಕೆ ಬಂದಾಗ ಈ ಅರ್ಥದ ದಿಕ್ಕೇ ಬದಲಾಗುತ್ತದೆ. ಅಲ್ಲಿ ಮರುಗುವುದು ಪಾತ್ರವಲ್ಲ, ನೋಡುತ್ತಾ ಕೂತ ನಾವು. ಆದ್ದರಿಂದ ಅದು 'ಮರುಕ ಹುಟ್ಟಿಸುವ ಪಾತ್ರ'. ಸಿಂಪತಿ ಎಂಬ ಪದದ ಮೂಲ ಗ್ರೀಕ್. 'ಜೊತೆ' ಮತ್ತು 'ಅನುಭವ' ಅನ್ನುವ ಎರಡು ತುಂಡು ಸೇರಿ ಆದದ್ದು. ನಮ್ಮ 'ಸಹ' ಮತ್ತು 'ಅನುಭೂತಿ' ಕೂಡ ಹಾಗೇ ಕೂಡಿವೆ. ಪದ ಸರಿಯಾಗಿದೆ, ಅದನ್ನು ಯಾರ ಹೆಗಲಿಗೆ ಹಾಕಬೇಕು ಅನ್ನುವುದರಲ್ಲಿ ಗೊಂದಲ.

ನನಗೆ ಈ ಗೊಂದಲ ಬಿಡಿಸಿದ್ದು ನಮ್ಮ ಮನೆಯಲ್ಲಿ ದಿನಾ ಕೇಳುವ ಒಂದು ಮಾತು. ಪಾಪ. ಸಂಸ್ಕೃತದಲ್ಲಿ ಅದಕ್ಕೆ ಕೆಟ್ಟ ಕೆಲಸ ಎಂದರ್ಥ. ಕನ್ನಡದ ಬಾಯಲ್ಲಿ ಅದು 'ಅಯ್ಯೋ ಪಾಪ' ಆಗಿ ಕನಿಕರದ ಮಾತಾಯಿತು. ನಮ್ಮ ಕರಾವಳಿ ಕಡೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 'ಪಾಪದವ' ಅಂತಾರೆ. ಯಾರ ತಂಟೆಗೂ ಹೋಗದ ಸಾಧು ಮನುಷ್ಯ ಎಂದರ್ಥ. ಪಾಪ ಮಾಡಿದವನಲ್ಲ, ಬೇರೆಯವರ ಬಾಯಲ್ಲಿ 'ಪಾಪ' ಅನ್ನಿಸಿಕೊಳ್ಳುವವನು. ಈ ಪದ ಎಷ್ಟು ಚೆನ್ನಾಗಿ ದಿಕ್ಕು ತೋರಿಸುತ್ತದೆ ನೋಡಿ.

ಆದರೆ ಮರುಕ ಹುಟ್ಟಿಸುವ ಪಾತ್ರ ಪಾಪದವನೇ ಆಗಿರಬೇಕು ಅಂತೇನಿಲ್ಲ. ಹೋಮರ್ ಖಂಡಿತ ಪಾಪದವನಲ್ಲ. ಸೋಮಾರಿ, ಹೊಟ್ಟೆಬಾಕ, ಸಿಟ್ಟು ಬಂದರೆ ಮಗ ಬಾರ್ಟ್‌ನ ಕತ್ತು ಹಿಸುಕುತ್ತಾನೆ. 1989ರ ಡಿಸೆಂಬರಿನಲ್ಲಿ ಅಮೆರಿಕದ ಟಿವಿಯಲ್ಲಿ ಶುರುವಾದ ಈ ಕಾರ್ಟೂನ್ ಧಾರಾವಾಹಿಯಲ್ಲಿ ಅವನು ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ಅಣುವಿದ್ಯುತ್ ಸ್ಥಾವರದ ನೌಕರ. ಮನೆಯಲ್ಲಿ ಹೆಂಡತಿ ಮಾರ್ಜ್, ಹತ್ತು ವರ್ಷದ ಬಾರ್ಟ್, ಎಂಟು ವರ್ಷದ ಲೀಸಾ, ಇನ್ನೂ ಮಾತು ಬಾರದ ಮ್ಯಾಗಿ.

1995ರಲ್ಲಿ ಬಂದ ಒಂದು ಕಂತನ್ನು ನಾನು ಎಷ್ಟು ಸಲ ನೋಡಿದ್ದೇನೋ. ಮನೆಯ ಆಲ್ಬಮ್ಮಿನಲ್ಲಿ ಮ್ಯಾಗಿಯ ಫೋಟೋ ಯಾಕಿಲ್ಲ ಅಂತ ಮಕ್ಕಳು ಕೇಳುತ್ತಾರೆ. ಹೋಮರ್ ಹಳೆಯ ಕಥೆ ಹೇಳುತ್ತಾನೆ. ಸಾಲವೆಲ್ಲ ತೀರಿತು ಅಂತ ಅವನು ಒಮ್ಮೆ ಸ್ಥಾವರದ ಕೆಲಸ ಬಿಟ್ಟಿರುತ್ತಾನೆ. ಚೆಂಡು ಉರುಳಿಸಿ ಗೂಟ ಬೀಳಿಸುವ ಬೌಲಿಂಗ್ ಆಟದ ಅಂಗಳದಲ್ಲಿ ಕೆಲಸಕ್ಕೆ ಸೇರುತ್ತಾನೆ. ಸಂಬಳ ಕಡಿಮೆ, ಆದರೆ ಅದು ಅವನಿಗೆ ಮನಸ್ಸಿನ ಕೆಲಸ. ಅಷ್ಟರಲ್ಲಿ ಮಾರ್ಜ್ ಮೂರನೇ ಸಲ ಬಸುರಿ. ಆ ಸಂಬಳದಲ್ಲಿ ಮೂರು ಮಕ್ಕಳನ್ನು ಸಾಕಲು ಆಗುವುದಿಲ್ಲ. ಹಳೆಯ ಯಜಮಾನ ಬರ್ನ್ಸ್ ಎದುರು ಮಂಡಿಯೂರಿ ಕೆಲಸ ವಾಪಸ್ ಬೇಡುತ್ತಾನೆ. ಬರ್ನ್ಸ್ ಅವನ ಕುರ್ಚಿಯ ಎದುರು ಒಂದು ಫಲಕ ಹಾಕಿಸುತ್ತಾನೆ. 'ಮರೆಯಬೇಡ, ನೀನು ಎಂದೆಂದಿಗೂ ಇಲ್ಲೇ' ಅನ್ನುವ ಅರ್ಥದ ಮಾತು. ಮ್ಯಾಗಿ ಹುಟ್ಟಿದ ಮೇಲೆ ಹೋಮರ್ ಅವಳ ಫೋಟೋಗಳನ್ನೆಲ್ಲ ತಂದು ಆ ಫಲಕದ ಮೇಲೆ ಅಂಟಿಸುತ್ತಾನೆ. ಕೆಲವು ಅಕ್ಷರ ಮುಚ್ಚಿ ಹೋಗುತ್ತವೆ. ಉಳಿದ ಅಕ್ಷರ ಕೂಡಿಸಿ ಓದಿದರೆ 'ಅವಳಿಗಾಗಿ ಮಾಡು' ಎಂದಾಗುತ್ತದೆ. ಆಲ್ಬಮ್ಮಿನಲ್ಲಿ ಇಲ್ಲದ ಫೋಟೋಗಳು ಇರುವುದು ಅಲ್ಲಿ.

ಹೋಮರ್ ಆ ಕಂತಿನಲ್ಲಿ ಒಳ್ಳೆಯವನಾಗಿ ಬದಲಾಗುವುದಿಲ್ಲ. ಅವನಿಗೆ ಬಂದದ್ದು ಭಯಂಕರ ಕಷ್ಟವೂ ಅಲ್ಲ. ಇಷ್ಟವಿಲ್ಲದ ಕೆಲಸಕ್ಕೆ ಮರಳಿ ಹೋಗುವುದು, ಅಷ್ಟೇ. ಆದರೂ ಗಂಟಲು ಕಟ್ಟುತ್ತದೆ. ಯಾಕೆಂದರೆ ಅವನಿಗೆ ಏನು ಬೇಕಾಗಿತ್ತು, ಅದನ್ನು ಯಾರಿಗಾಗಿ ಬಿಟ್ಟ ಅನ್ನುವುದನ್ನು ನಾವು ಕಣ್ಣಾರೆ ನೋಡಿದ್ದೇವೆ. ಈ ಪದದ ತಿರುಳು ಇದೇ ಎಂದು ನಾನು ನಂಬಿದ್ದೇನೆ. ಪಾತ್ರ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಆಮೇಲಿನ ಮಾತು. ಅದರ ಆಸೆ ನಮಗೆ ಕಂಡರೆ ಮರುಕ ಹುಟ್ಟುತ್ತದೆ. ಬರೀ ಕಷ್ಟ ಕಂಡರೆ ಸುಮ್ನೆ 'ಛೆ' ಅಂದು ಮುಂದೆ ಹೋಗುತ್ತೇವೆ.

ಇದೇ ಕಂತನ್ನು ಒಮ್ಮೆ ಕಾರವಾರದ ಹತ್ತಿರ ಮಲ್ಲಾಪುರದಲ್ಲಿ, ಕೈಗಾ ಸ್ಥಾವರದ ಟೌನ್‌ಶಿಪ್ಪಿನ ನೆಂಟರ ಮನೆಯಲ್ಲಿ ನೋಡಿದೆ. ಅಲ್ಲಿನ ಏಳು ವರ್ಷದ ಮಾಣಿಗೆ ಇಂಗ್ಲಿಷ್ ಅಷ್ಟಾಗಿ ತಿಳಿಯದು. ಹೋಮರ್ ಬೀಳುವಾಗ, ಕಿರುಚುವಾಗ ಜೋರಾಗಿ ನಗುತ್ತಿದ್ದ. ಫೋಟೋ ಅಂಟಿಸಿದ ಗೋಡೆ ಬಂದಾಗ ನಗು ನಿಲ್ಲಿಸಿ, "ಅಪ್ಪನ ಟೇಬಲ್ ಮೇಲೂ ನನ್ನ ಫೋಟೋ ಇದ್ಯಾ?" ಎಂದು ಅಮ್ಮನನ್ನು ಕೇಳಿದ. ಅಪ್ಪ ಆಗ ಶಿಫ್ಟಿನಲ್ಲಿದ್ದ. ಆ ಹುಡುಗನಿಗೆ ಯಾರೂ ಪದದ ಅರ್ಥ ಹೇಳಿಕೊಡಬೇಕಾಗಿರಲಿಲ್ಲ.

ಯಕ್ಷಗಾನ ನೋಡಿ ಬೆಳೆದವರಿಗೆ ಇದು ಹೊಸದಲ್ಲ. ಗದಾಯುದ್ಧ ಪ್ರಸಂಗದ ಕೌರವನನ್ನು ನೆನಪಿಸಿಕೊಳ್ಳಿ. ದ್ರೌಪದಿಗೆ ಅವಮಾನ ಮಾಡಿದವನು ಅಂತ ಎಲ್ಲರಿಗೂ ಗೊತ್ತು. ತಮ್ಮಂದಿರು, ಗೆಳೆಯ ಕರ್ಣ, ಮಗ ಲಕ್ಷಣ ಎಲ್ಲರನ್ನೂ ಕಳೆದುಕೊಂಡು ಒಬ್ಬನೇ ಸರೋವರದ ಕಡೆ ನಡೆಯುವಾಗ ಚಂಡೆಯ ಅಬ್ಬರ ತಗ್ಗುತ್ತದೆ. ಭಾಗವತರ ದನಿ ಮೆಲ್ಲಗಾಗುತ್ತದೆ. ಸಭೆಯಲ್ಲಿ ಯಾರೋ ಹಿರಿಯರು ಉಸಿರು ಬಿಡುವುದು ಕೇಳುತ್ತದೆ. ಒಳ್ಳೆಯ ಕಾರ್ಟೂನ್ ಹಾಸ್ಯದಲ್ಲೂ ಚಂಡೆ ನಿಲ್ಲುವ ಇಂಥ ಗಳಿಗೆ ಇರುತ್ತದೆ. ಇಪ್ಪತ್ತು ನಿಮಿಷ ನಗಿಸಿ, ಕೆಲವೇ ಸೆಕೆಂಡು ಸುಮ್ಮನಾಗುತ್ತಾರೆ. ಆ ಮೌನ ಕೆಲಸ ಮಾಡುವುದು ಅದಕ್ಕೂ ಮೊದಲು ಅಷ್ಟು ನಕ್ಕಿದ್ದರಿಂದ. ನಕ್ಕಾಗ ಮನಸ್ಸು ಎಚ್ಚರ ತಪ್ಪಿ ಬಾಗಿಲು ತೆರೆದಿರುತ್ತದೆ ಅಲ್ವಾ.

ಕಾರ್ಟೂನಿಗೆ ಇನ್ನೊಂದು ಅನುಕೂಲವೂ ಇದೆ. ಗೆರೆಯಲ್ಲಿ ಬರೆದ ಮೈಗೆ ಗಾಯ ಉಳಿಯುವುದಿಲ್ಲ. ಬಾರ್ಟ್‌ನ ಕತ್ತು ಹಿಸುಕಿದ್ದು ಮುಂದಿನ ದೃಶ್ಯಕ್ಕೆ ಮಾಯ. ನಿಜವಾದ ನಟರು ಅದನ್ನು ಮಾಡಿದ್ದರೆ ನಾವು ಆ ಅಪ್ಪನನ್ನು ಕ್ಷಮಿಸುತ್ತಿರಲಿಲ್ಲ, ಕ್ಷಮಿಸಲೂ ಬಾರದು. ಇಷ್ಟು ವರ್ಷವಾದರೂ ಬಾರ್ಟ್‌ಗೆ ಹತ್ತೇ ವರ್ಷ. ಹಾಗಾಗಿ ತಪ್ಪುಗಳ ಲೆಕ್ಕ ಬೆಳೆಯುತ್ತಾ ಹೋಗುವುದಿಲ್ಲ, ಪ್ರತಿ ಕಂತಿಗೂ ಹೊಸ ಮರುಕ.

ಈ ಲೆಕ್ಕವನ್ನು ಆ ಧಾರಾವಾಹಿಯವರೇ ಒಮ್ಮೆ ಕೆದಕಿದರು. 1997ರ ಒಂದು ಕಂತಿನಲ್ಲಿ ಫ್ರಾಂಕ್ ಗ್ರೈಮ್ಸ್ ಎಂಬ ಹೊಸಬ ಸ್ಥಾವರಕ್ಕೆ ಬರುತ್ತಾನೆ. ಚಿಕ್ಕಂದಿನಿಂದ ಕಷ್ಟಪಟ್ಟು ಮೇಲೆ ಬಂದವನು. ಶ್ರದ್ಧೆಯಿಂದ ದುಡಿಯುವವನು. ಅವನು ಬಾಡಿಗೆಗಿರುವ ಕೋಣೆಯ ಮೇಲೊಂದು ಬೌಲಿಂಗ್ ಅಂಗಳ, ಕೆಳಗೊಂದು ಬೌಲಿಂಗ್ ಅಂಗಳ. ಹೋಮರ್ ಯಾವ ಅಂಗಳವನ್ನು ಬಿಟ್ಟು ಬರಲಾರದೆ ಬಿಟ್ಟು ಬಂದನೋ, ಅಂಥದ್ದೇ ಅಂಗಳಗಳ ಸದ್ದಿನ ನಡುವೆ ಇವನ ಬದುಕು. ಏನೂ ಕೆಲಸ ಮಾಡದ ಹೋಮರ್‌ಗೆ ದೊಡ್ಡ ಮನೆ, ಸಂಸಾರ ಇರುವುದು ಕಂಡು ಅವನಿಗೆ ತಡೆಯಲಾಗುವುದಿಲ್ಲ. ಹೋಮರ್‌ನ ಅಣಕ ಮಾಡುತ್ತಾ ತಲೆ ಕೆಟ್ಟು, ವಿದ್ಯುತ್ ತಂತಿ ಮುಟ್ಟಿ ಸಾಯುತ್ತಾನೆ.

ಗ್ರೈಮ್ಸ್‌ನ ಜಾಗದಲ್ಲಿ ನಿಂತು ನೋಡಿದರೆ ಹೋಮರ್ ಬರೀ ಅಪಾಯಕಾರಿ ಮನುಷ್ಯ. ಅಂದರೆ ಮರುಕ ಅನ್ನುವುದು ಪಾತ್ರದ ಗುಣವಲ್ಲ. ಕಥೆ ಹೇಳುವವನು ನಮ್ಮನ್ನು ಯಾರ ಪಕ್ಕದಲ್ಲಿ ಕೂರಿಸಿದ್ದಾನೆ ಅನ್ನುವುದರ ಮೇಲೆ ಅದು ನಿಂತಿದೆ. ಅಕ್ಕನ ಮಗಳಿಗೆ ನಾನು ತೋರಿಸಿದ್ದು ಈ ಎರಡು ಕಂತುಗಳನ್ನು, ಒಂದರ ಹಿಂದೆ ಒಂದು. ಎರಡನೆಯದರ ಕೊನೆಯಲ್ಲಿ ಗ್ರೈಮ್ಸ್‌ನ ಅಂತ್ಯಕ್ರಿಯೆ ನಡೆಯುತ್ತದೆ. ಅಲ್ಲಿ ಹೋಮರ್ ಕೂತಲ್ಲೇ ನಿದ್ದೆ ಹೋಗಿ, ಚಾನೆಲ್ ಬದಲಿಸು ಅಂತ ಮಾರ್ಜ್‌ಗೆ ಕನವರಿಸುತ್ತಾನೆ. ಬಂದವರೆಲ್ಲ ನಗುತ್ತಾರೆ. ಅಕ್ಕನ ಮಗಳು ನಗಲಿಲ್ಲ. ನೋಟ್ಸ್ ತೆಗೆದು 'ಉಳ್ಳ' ಅನ್ನುವುದನ್ನು ಹೊಡೆದು ಹಾಕಿದಳು.