ಆಶಾ ಕಾರ್ಯಕರ್ತೆ ಅಂದರೆ ಯಾರು?

‘ಅಕ್ರೆಡಿಟೆಡ್ ಸೋಶಿಯಲ್ ಹೆಲ್ತ್ ಆಕ್ಟಿವಿಸ್ಟ್’ ಎಂಬ ಉದ್ದದ ಹೆಸರನ್ನು ಚಿಕ್ಕದು ಮಾಡಿದರೆ ‘ಆಶಾ’. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಬಂದ ವ್ಯವಸ್ಥೆ ಇದು. ಹಳ್ಳಿಗಳಲ್ಲಿ ಸುಮಾರು 1,000 ಜನರಿಗೆ ಒಬ್ಬರು. ಇವರು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ತರಬೇತಿ ಪಡೆದ, ಅದೇ ಊರಿನ ಹೆಣ್ಣುಮಗಳು.

‘ಅದೇ ಊರಿನವರು’ ಅನ್ನೋದೇ ಇಲ್ಲಿ ಮುಖ್ಯ. ಯಾರ ಮನೆ ಸೊಸೆಗೆ ಮುಟ್ಟು ನಿಂತಿದೆ, ಯಾವ ಮಗುವಿನ ಚುಚ್ಚುಮದ್ದು ತಪ್ಪಿದೆ, ಯಾರು ಟಿಬಿ ಮಾತ್ರೆಯನ್ನು ಅರ್ಧಕ್ಕೇ ಬಿಟ್ಟಿದ್ದಾರೆ ಅನ್ನೋದು ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ) ಕೂತ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ಇವರಿಗೆ ಗೊತ್ತಿರುತ್ತದೆ. ಅತ್ತೆ ಒಪ್ಪದಿದ್ದರೆ ನಾಳೆ ಮತ್ತೆ ಬಂದು ಮಾತಾಡುತ್ತಾರೆ.

ಬಾಣಂತಿ ಮನೆಯ ಭೇಟಿಯನ್ನೇ ನೋಡಿ. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28 ಮತ್ತು 42ನೇ ದಿನ ಆಶಾ ಬರಬೇಕು. ಮೊದಲು ಸೋಪು ಹಚ್ಚಿ ಕೈ ತೊಳೆಯುತ್ತಾರೆ. ಮಗುವಿನ ಜ್ವರ ನೋಡಿ, ಜೋಲಿಯಂಥ ತಕ್ಕಡಿಯಲ್ಲಿ ತೂಕ ಮಾಡುತ್ತಾರೆ. ಆಮೇಲೆ ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತಾರೆ. 60 ಅಥವಾ ಅದಕ್ಕಿಂತ ಜಾಸ್ತಿ ಬಂದರೆ, ಮಗು ಹಾಲು ಕುಡಿಯದೆ ಸಪ್ಪಗಿದ್ದರೆ, ಮೈ ತಣ್ಣಗಾಗಿದ್ದರೆ ತಡ ಮಾಡದೆ ಆಸ್ಪತ್ರೆಗೆ ಕಳಿಸುತ್ತಾರೆ. ನೋಡೋಕೆ ಸಣ್ಣ ಕೆಲಸ, ಅಲ್ವಾ? ಆದರೆ ಹಸುಗೂಸುಗಳ ಸಾವು ಹೆಚ್ಚಾಗಿ ಆಗುವುದು ಹುಟ್ಟಿದ ಮೊದಲ ವಾರಗಳಲ್ಲೇ. ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೇ ಇಂಥ ಆರೈಕೆ ಕಲಿಸಿದರು. ನವಜಾತ ಶಿಶುಗಳ ಸಾವು ಅಲ್ಲಿ ಅರ್ಧಕ್ಕಿಂತ ಜಾಸ್ತಿ ಇಳಿಯಿತು. ಈ ಫಲಿತಾಂಶ 1999ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಕೋವಿಡ್ ಕಾಲದಲ್ಲಿ ಮನೆಮನೆ ಸಮೀಕ್ಷೆಗೆ ಹೋದವರೂ ಇವರೇ. ಡೆಂಗಿ ಬಂದರೆ ನೀರಿನ ತೊಟ್ಟಿ ಇಣುಕಿ ಲಾರ್ವಾ ಹುಡುಕುವವರೂ ಇವರೇ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು.

ಇಷ್ಟಾದರೂ ಲೆಕ್ಕದಲ್ಲಿ ಇವರು ‘ಸ್ವಯಂಸೇವಕಿ’ಯರು. ಸಂಬಳವಿಲ್ಲ. ಗೌರವಧನ, ಜೊತೆಗೆ ಇಂತಿಂಥ ಕೆಲಸಕ್ಕೆ ಇಷ್ಟು ಅಂತ ಪ್ರೋತ್ಸಾಹಧನ. ಇದು ಅನ್ಯಾಯ ಅಂತಲೇ ನನಗನಿಸುತ್ತದೆ. 2025ರ ಜನವರಿಯಲ್ಲಿ ಕರ್ನಾಟಕದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲೇ ರಾತ್ರಿ ಕಳೆದು ಕೇಳಿದ್ದು ತಿಂಗಳಿಗೆ 15,000 ರೂಪಾಯಿ. ಮಾಡುವ ಕೆಲಸ ನೋಡಿದರೆ ಅದೇನೂ ಜಾಸ್ತಿಯಲ್ಲ.