ಶಿಲ್ಪಿಯ ಅಂಗುಲ, ಮೊಬೈಲಿನ ಅಂಕ

‘ಮಾಮಾ, ನನ್ನ ಮೂಗು ಅಳತೆ ಮೀರಿದೆಯಂತೆ’ ಎಂದು ಅಕ್ಕನ ಮಗಳು ಮೊಬೈಲ್ ಚಾಚಿದಳು. ಬಾದಾಮಿಯ ಮೂರನೆಯ ಗುಹೆಯ ಮೆಟ್ಟಿಲ ಮೇಲೆ ಕುಳಿತಿದ್ದೆವು. ಮುಖ ನೋಡಿ ಅಂಕ ಕೊಡುವ ಯಾವುದೋ ಆ್ಯಪ್ ಅವಳಿಗೆ 100ಕ್ಕೆ 62 ಕೊಟ್ಟಿತ್ತು. ಆಧಾರ, 1.618 ಎಂಬ ಸುವರ್ಣ ಅನುಪಾತ. ಮನೆಯಲ್ಲಿ ವರಾನ್ವೇಷಣೆ ನಡೆದಿರುವ ಹೊತ್ತು. ನನಗೆ ಹೊಟ್ಟೆಯುರಿಯಿತು.

ಕ್ರಿಸ್ತಪೂರ್ವ 300ರ ಸುಮಾರಿಗೆ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಈ ಅನುಪಾತವನ್ನು ಹೇಳಿದ್ದು ಗೆರೆಯೊಂದನ್ನು ಭಾಗಿಸುವ ಲೆಕ್ಕವಾಗಿ: ಇಡೀ ಗೆರೆಗೂ ದೊಡ್ಡ ತುಂಡಿಗೂ ಇರುವ ಅನುಪಾತವೇ ದೊಡ್ಡ ತುಂಡಿಗೂ ಚಿಕ್ಕದಕ್ಕೂ ಇರಬೇಕು. 1509ರಲ್ಲಿ ಇಟಲಿಯ ಗಣಿತಜ್ಞ ಲೂಕಾ ಪಾಚೋಲಿ ಅದನ್ನು ದೈವಿಕವೆಂದು ಕೊಂಡಾಡಿದ. ಮನುಷ್ಯನ ಮೈಕಟ್ಟೆಲ್ಲ ಅದರಂತೆಯೇ ಇದೆ ಎಂದು ಜರ್ಮನಿಯ ಅಡಾಲ್ಫ್ ಝೈಸಿಂಗ್ ವಾದಿಸಿದ್ದು 1854ರಲ್ಲಿ. ಪುರಾತನ ಸೌಂದರ್ಯಸೂತ್ರವೆಂದು ನಂಬಿಸುತ್ತಿರುವುದಕ್ಕೆ ಇನ್ನೂರು ವರ್ಷವೂ ತುಂಬಿಲ್ಲ.

ನಮ್ಮ ಶಿಲ್ಪಶಾಸ್ತ್ರದಲ್ಲೂ ಅಳತೆ ಇದೆ. ಒಂದು ತಾಲವೆಂದರೆ ಹನ್ನೆರಡು ಅಂಗುಲ, ಅದೇ ಮುಖದ ಉದ್ದ. ಹಣೆಗೆ ನಾಲ್ಕು, ಮೂಗಿಗೆ ನಾಲ್ಕು, ಮೂಗಿನ ಬುಡದಿಂದ ಗದ್ದದವರೆಗೆ ನಾಲ್ಕು. ಆ ಅಂಗುಲವನ್ನು ಪಡೆಯುವ ಬಗೆ ನನಗೆ ಬಹಳ ಇಷ್ಟ: ವಿಗ್ರಹದ ಎತ್ತರವನ್ನೇ ಭಾಗಿಸಿ ತೆಗೆಯುತ್ತಾರೆ. ಗೇಣುದ್ದದ ಮೂರ್ತಿಗೆ ಅದರದೇ ಅಂಗುಲ, ಆಳೆತ್ತರದ್ದಕ್ಕೆ ಅದರದೇ. ಕಲ್ಲಿನಲ್ಲಿ ಕೈ ತಪ್ಪದಿರಲೆಂದು ಮಾಡಿಕೊಂಡ ಏರ್ಪಾಡು ಅದು. ಬದುಕಿರುವ ಹೆಣ್ಣುಮಗಳಿಗೆ ಅಂಕ ಹಾಕಲು ಅಲ್ಲ. ಕ್ರಿಸ್ತಶಕ 578ರ ಶಾಸನವಿರುವ ಆ ಗುಹೆಯ ಕಂಬಗಳ ಮೇಲೆ ದಂಪತಿಗಳಿದ್ದಾರೆ. ಕೆಲವರ ಮೂಗು ಸವೆದಿದೆ. ಹೆಗಲಿಗೆ ಹೆಗಲು ತಾಗಿಸಿ ನಿಂತ ಆ ಭಂಗಿಯ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಯುರೋಪಿನ ಕಲಾವಿದರಲ್ಲೂ ಮುಖವನ್ನು ಮೂರು ಸಮಪಾಲು ಮಾಡುವ ನಿಯಮವಿತ್ತು. ಕೆನಡಾದ ವೈದ್ಯ ಲೆಸ್ಲಿ ಫಾರ್ಕಾಸ್ ಉತ್ತರ ಅಮೆರಿಕದ ತರುಣ ತರುಣಿಯರ ಮುಖಗಳನ್ನು ನಿಜವಾಗಿಯೂ ಅಳೆದು 1985ರಲ್ಲಿ ಫಲಿತಾಂಶ ಪ್ರಕಟಿಸಿದಾಗ ಆ ನಿಯಮ ಮುಖಗಳಿಗೆ ಹೊಂದಲಿಲ್ಲ.

ಇನ್ನೊಂದು ಎಳೆ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್‌ನದು. ಅಪರಾಧಿಯ ಮುಖಲಕ್ಷಣ ಹಿಡಿಯಲು 1870ರ ದಶಕದಲ್ಲಿ ಅವನು ಕೈದಿಗಳ ಫೋಟೋಗಳನ್ನು ಒಂದರ ಮೇಲೊಂದು ಕೂಡಿಸಿದ. ಮೂಡಿದ್ದು ಬಿಡಿ ಮುಖಗಳಿಗಿಂತ ಚೆಲುವಾದ ಮುಖ! 1990ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಜೂಡಿತ್ ಲ್ಯಾಂಗ್ಲಾಯ್ ಮತ್ತು ಲೋರಿ ರಾಗ್‌ಮನ್ ಕಂಪ್ಯೂಟರಿನಲ್ಲಿ ಇದನ್ನೇ ಮಾಡಿದರು. 32 ಮುಖಗಳು ಬೆರೆತ ಚಿತ್ರ ಬಹುತೇಕ ಬಿಡಿ ಮುಖಗಳಿಗಿಂತ ಹೆಚ್ಚು ಮೆಚ್ಚುಗೆ ಪಡೆಯಿತು. 2010ರ ಅಧ್ಯಯನವೊಂದು ಬಿಳಿಯ ಮಹಿಳೆಯರ ಚಿತ್ರಗಳನ್ನು ತೋರಿಸಿ ಪರೀಕ್ಷಿಸಿತು. ಕಣ್ಣಿನಿಂದ ಬಾಯಿಯ ಅಂತರ ಮುಖದ ಉದ್ದದ ಶೇ 36ರಷ್ಟು, ಕಣ್ಣುಗಳ ನಡುವಿನ ಅಂತರ ಅಗಲದ ಶೇ 46ರಷ್ಟು ಇದ್ದಾಗ ಜನ ಹೆಚ್ಚು ಮೆಚ್ಚಿದರು. ಅದು ಸುವರ್ಣ ಅನುಪಾತವಲ್ಲ, ಸಾಧಾರಣ ಮುಖದ ಸರಾಸರಿ.

ಗಂಡಿನ ಮನೆಗೆ ಕಳಿಸುವ ಫೋಟೋದಲ್ಲಿ ಮೂಗು ಸಣ್ಣ ಮಾಡಿಸುವುದು ಬೇಡವೆಂದು ಅಕ್ಕನಿಗೆ ಹೇಳಿದ್ದೇನೆ.